ಗೋಧಿ ನಾಡಿನಲ್ಲಿ 23 ದಿನ

1962ರ ಜುಲೈ 11. ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿ ಶಾಸನಸಭೆಯ ಮುಚ್ಚಿದ ಬಾಗಿಲನ್ನು ಒಬ್ಬರು ಬೂಟುಗಾಲಲ್ಲಿ ಒದೆಯುತ್ತಿದ್ದರು. ಪುಂಡರಲ್ಲ, ವಿರೋಧ ಪಕ್ಷವಾದ ಲಿಬರಲ್ ಪಕ್ಷದ ನಾಯಕ ರಾಸ್ ಥ್ಯಾಚರ್. ತುರ್ತು ಅಧಿವೇಶನ ಕರೆಯಬೇಕು ಎಂಬುದು ಅವರ ಒತ್ತಾಯ. ಪತ್ರಿಕೆಯವರು ಆ ಒದೆತದ ಫೋಟೋ ಹಿಡಿದುಕೊಂಡರು. ಹೊರಗೆ ಸಾವಿರಾರು ಜನ ಫಲಕ ಹಿಡಿದು ನಿಂತಿದ್ದರು. ಪ್ರಾಂತ್ಯದ ಪ್ರತಿಯೊಬ್ಬರಿಗೂ ಡಾಕ್ಟರ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಕೊಡುವ ಯೋಜನೆ ಹತ್ತು ದಿನದ ಹಿಂದಷ್ಟೇ ಜಾರಿಯಾಗಿತ್ತು. ಅದು ಬೇಡ ಎಂದು ಹೇಳಲು ಅವರು ಬಂದಿದ್ದರು.

ತಮಗೇ ಅನುಕೂಲವಾಗುವುದನ್ನು ಜನ ಯಾಕೆ ಬೇಡವೆನ್ನುತ್ತಾರೆ? ದಡ್ಡರು, ಯಾರೋ ಎತ್ತಿಕಟ್ಟಿದವರು ಎಂದು ಹೇಳಿ ಮುಗಿಸುವುದು ಸುಲಭ. ಸಾಸ್ಕಾಚೆವಾನಿನ ಕತೆ ಅಷ್ಟು ಸುಲಭದ್ದಲ್ಲ.

ಮೊದಲು ಆ ನೆಲದ ಬಗ್ಗೆ ಎರಡು ಮಾತು. ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು ವಿಸ್ತಾರ. ಆಗ ಇದ್ದ ಜನ ಒಂಬತ್ತು ಲಕ್ಷ ಚಿಲ್ಲರೆ. ಕಣ್ಣು ಹಾಯುವಷ್ಟು ದೂರ ಗೋಧಿ ಹೊಲ, ನಡುವೆ ಒಂದೊಂದು ಒಂಟಿ ಮನೆ, ಆರು ತಿಂಗಳ ಹಿಮ. ಇಂಥಲ್ಲಿ ಡಾಕ್ಟರನೊಬ್ಬ ನೆಲೆ ನಿಲ್ಲುವುದೇ ಕಷ್ಟ. 1915ರಲ್ಲಿ ಸಾರ್ನಿಯಾ ಎಂಬ ಗ್ರಾಮೀಣ ಪಂಚಾಯಿತಿಯವರಿಗೆ ತಮ್ಮ ಡಾಕ್ಟರು ಊರು ಬಿಡುವ ಸೂಚನೆ ಕಂಡಿತು. ಅವರು ತೆರಿಗೆಯ ಹಣದಿಂದ ವರ್ಷಕ್ಕೆ 1500 ಡಾಲರ್ ಕೊಡುತ್ತೇವೆ, ಇಲ್ಲೇ ಇರಿ ಎಂದು ಆತನನ್ನು ಉಳಿಸಿಕೊಂಡರು. ಮರುವರ್ಷ ಪ್ರಾಂತ್ಯವೇ ಇದಕ್ಕೊಂದು ಕಾನೂನು ಮಾಡಿತು. ಒಂದೊಂದೇ ಪಂಚಾಯಿತಿ ಇದೇ ದಾರಿ ಹಿಡಿದು, ನಲವತ್ತರ ದಶಕದ ಹೊತ್ತಿಗೆ ಇಂಥ ಒಪ್ಪಂದಗಳು ನೂರು ದಾಟಿದ್ದವು. ಕ್ಷಯರೋಗಕ್ಕೆ 1929ರಿಂದಲೇ ಉಚಿತ ಚಿಕಿತ್ಸೆ ಇತ್ತು. ಮುಂದೆ ಕಮ್ಯುನಿಸಂ ಎಂದು ಬೈಸಿಕೊಂಡ ವಿಚಾರದ ಬೇರು ಇಲ್ಲಿದೆ. ಬರ ಮತ್ತು ಹಿಮಕ್ಕೆ ಅಂಜಿದ ರೈತರು ಕಾಸು ಕೂಡಿಸಿ ಕಂಡುಕೊಂಡ ಉಪಾಯ ಅದು.

1944ರಲ್ಲಿ ಸಿಸಿಎಫ್ ಎಂಬ ಸಮಾಜವಾದಿ ಪಕ್ಷ ಅಲ್ಲಿ ಅಧಿಕಾರಕ್ಕೆ ಬಂತು. ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನದಲ್ಲಿ, ಟಾಮಿ ಡಗ್ಲಸ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು, ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದವರು. ಚಿಕ್ಕವರಿದ್ದಾಗ ಮೊಣಕಾಲಿನ ಮೂಳೆಗೆ ಸೋಂಕು ತಗುಲಿ ಕಾಲು ಕತ್ತರಿಸುವ ಸ್ಥಿತಿ ಬಂದಿತ್ತು. ವಿನ್ನಿಪೆಗ್ಗಿನ ಒಬ್ಬ ತಜ್ಞ ಸರ್ಜನ್, ವಿದ್ಯಾರ್ಥಿಗಳು ನೋಡಿ ಕಲಿಯಲು ಬಿಡುವುದಾದರೆ ಹಣ ಬೇಡ ಎಂದು ಶಸ್ತ್ರಚಿಕಿತ್ಸೆ ಮಾಡಿದ್ದರಿಂದ ಕಾಲು ಉಳಿಯಿತು. ಒಬ್ಬ ಹುಡುಗನ ಕಾಲು ಒಬ್ಬ ಡಾಕ್ಟರನ ಕರುಣೆಯ ಮೇಲೆ ನಿಂತಿರಬಾರದು ಎಂಬುದು ಡಗ್ಲಸ್ ಜೀವನವಿಡೀ ಹಿಡಿದುಕೊಂಡ ವಾದ. ಇದರ ಹಿಂದೆ ಬೇರೆ ಸಿದ್ಧಾಂತ ಹುಡುಕಬೇಕಾಗಿಲ್ಲ ಅನ್ನಿಸುತ್ತದೆ.

ಆದರೆ ಅವರು ಆತುರಪಡಲಿಲ್ಲ. 1946ರಲ್ಲಿ ಸ್ವಿಫ್ಟ್ ಕರೆಂಟ್ ಎಂಬ ಒಂದು ಪ್ರದೇಶದಲ್ಲಿ ಮಾತ್ರ ಎಲ್ಲರಿಗೂ ಡಾಕ್ಟರ ಸೇವೆಯ ಪ್ರಯೋಗ ಶುರುವಾಯಿತು. 1947ರ ಜನವರಿ 1ರಿಂದ ಇಡೀ ಪ್ರಾಂತ್ಯಕ್ಕೆ ಆಸ್ಪತ್ರೆ ವಿಮೆ ಬಂತು. ತಲೆಗೆ ವರ್ಷಕ್ಕೆ 5 ಡಾಲರ್ ಕಟ್ಟಿದರೆ ಆಸ್ಪತ್ರೆಯ ವಾರ್ಡಿನ ಖರ್ಚು ಸರ್ಕಾರದ್ದು. ಡಾಕ್ಟರರ ಫೀಸಿಗೆ ಕೈಹಾಕಲು ಅವರು ಇನ್ನೂ ಹನ್ನೆರಡು ವರ್ಷ ಕಾದರು. 1959ರ ಡಿಸೆಂಬರಿನಲ್ಲಿ ಘೋಷಣೆಯಾದದ್ದೇ ತಡ, ಗದ್ದಲ ಎದ್ದಿತು.

ವೈದ್ಯರೇನೂ ಹುಟ್ಟಾ ವಿರೋಧಿಗಳಲ್ಲ. ಮೂವತ್ತರ ದಶಕದ ಬರಗಾಲದಲ್ಲಿ ರೋಗಿಗಳು ಫೀಸಿನ ಬದಲು ಕೋಳಿ, ಸೌದೆ ಕೊಟ್ಟು ಹೋಗುತ್ತಿದ್ದುದನ್ನು ಅವರು ಮರೆತಿರಲಿಲ್ಲ. 1943ರಲ್ಲಿ ಕೆನಡಾದ ವೈದ್ಯರ ಸಂಘ ಆರೋಗ್ಯ ವಿಮೆಯ ತತ್ವವನ್ನು ಒಪ್ಪಿತ್ತು. ಯುದ್ಧದ ನಂತರ ಜನರ ಕೈಯಲ್ಲಿ ಹಣ ಓಡಾಡಿತು. ವೈದ್ಯರೇ ನಡೆಸುವ ಖಾಸಗಿ ವಿಮಾ ಯೋಜನೆಗಳು ಬೆಳೆದವು. ಆಗ ಒಪ್ಪಿಗೆಯ ದನಿ ಬದಲಾಯಿತು.

1960ರ ಚುನಾವಣೆಯಲ್ಲಿ ವೈದ್ಯರ ಸಂಸ್ಥೆ ಒಂದು ರಾಜಕೀಯ ಪಕ್ಷದಂತೆಯೇ ಹಣ ಸುರಿದು ಪ್ರಚಾರ ಮಾಡಿತು. ನಿಮ್ಮ ಗುಟ್ಟುಗಳೆಲ್ಲ ಸರ್ಕಾರಿ ಗುಮಾಸ್ತರ ಕೈಸೇರುತ್ತವೆ, ಇರುವ ಒಳ್ಳೆಯ ಡಾಕ್ಟರರು ಊರು ಬಿಡುತ್ತಾರೆ, ಅವರ ಜಾಗಕ್ಕೆ ಎಲ್ಲಿಂದಲೋ ಪರದೇಶಿಗಳು ಬರುತ್ತಾರೆ ಎಂದು ಹೆದರಿಸಲಾಯಿತು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರನ್ನು ಅಧಿಕಾರಿಗಳು ಮಾನಸಿಕ ಆಸ್ಪತ್ರೆಗೆ ತಳ್ಳಬಹುದು ಎನ್ನುವ ಮಟ್ಟಕ್ಕೂ ಪ್ರಚಾರ ಇಳಿಯಿತು. ಆದರೂ ಸಿಸಿಎಫ್ ಗೆದ್ದಿತು. ಆದರೆ ಪಡೆದ ಮತ ಶೇ. 41ರಷ್ಟು ಮಾತ್ರ. ಉಳಿದವರು ಒಪ್ಪಿಲ್ಲವಲ್ಲ ಎಂಬ ವಿರೋಧಿಗಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. 1961ರ ನವೆಂಬರಿನಲ್ಲಿ ಕಾನೂನು ಆಯಿತು. ಹೊಸ ರಾಷ್ಟ್ರೀಯ ಪಕ್ಷದ ನಾಯಕತ್ವ ವಹಿಸಿ ಡಗ್ಲಸ್ ಹೊರಟರು. ಮರುವರ್ಷದ ಜೂನಿನಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ ಅದೇ ರೆಜೈನಾದ ಜನ ಅವರನ್ನು ಸೋಲಿಸಿದರು.

ಮುಳ್ಳಿನ ಗಾದಿ ವುಡ್ರೋ ಲಾಯ್ಡ್ ಅವರಿಗೆ ಬಂತು. ಮೇಷ್ಟರಾಗಿದ್ದವರು, ಮಿತಭಾಷಿ. ಡಗ್ಲಸ್ ಅವರಿಗೆ ಇಂದು ಸಿಗುವ ಕೀರ್ತಿಯಲ್ಲಿ ಅರ್ಧವಾದರೂ ಇವರಿಗೆ ಸಲ್ಲಬೇಕಿತ್ತು. ಮೇ 3ರಂದು ಅವರು ವೈದ್ಯರ ಸಭೆಗೇ ಹೋಗಿ ಮಾತಾಡಿದರು. ಕೂಗಾಟದ ನಡುವೆಯೇ ಭಾಷಣ ಮುಗಿಸಿದರು. ಈ ಕಾನೂನಿನಡಿ ಕೆಲಸ ಮಾಡುವುದಿಲ್ಲ ಎನ್ನುವವರು ಏಳಿ ಎಂದಾಗ ಸಭೆಯಲ್ಲಿ ಬಹುತೇಕ ಎಲ್ಲರೂ ಎದ್ದರು.

ಜುಲೈ 1ರಂದು ಯೋಜನೆ ಶುರು, ಅದೇ ದಿನ ಮುಷ್ಕರವೂ ಶುರು. ತುರ್ತು ಚಿಕಿತ್ಸೆಗೆಂದು ಆಯ್ದ ಕೆಲವು ಆಸ್ಪತ್ರೆಗಳು ಬಿಟ್ಟರೆ ಬಹುಪಾಲು ಕ್ಲಿನಿಕ್ಕುಗಳು ಬಾಗಿಲು ಹಾಕಿದವು. ಮೊದಲ ದಿನವೇ, ಕಾಯಿಲೆಬಿದ್ದ ಹಸುಗೂಸನ್ನು ಕಾರಿನಲ್ಲಿ ಮಲಗಿಸಿಕೊಂಡು ಊರಿಂದೂರಿಗೆ ಡಾಕ್ಟರನ್ನು ಹುಡುಕುತ್ತಾ ಹೊರಟ ದಂಪತಿಗಳ ಮಗು ದಾರಿಯಲ್ಲೇ ತೀರಿಕೊಂಡಿತು. ಎರಡೂ ಕಡೆಯವರು ಆ ಸಾವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದರು.

‘ನಮ್ಮ ಡಾಕ್ಟರರನ್ನು ಉಳಿಸಿಕೊಳ್ಳೋಣ’ ಎಂಬ ಸಮಿತಿಗಳು ಊರೂರಲ್ಲಿ ಎದ್ದದ್ದು ಈ ವಾತಾವರಣದಲ್ಲಿ. ಅವುಗಳ ಹಿಂದೆ ವಿರೋಧ ಪಕ್ಷವಿತ್ತು, ವ್ಯಾಪಾರಿಗಳಿದ್ದರು, ಪ್ರಾಂತ್ಯದ ದೊಡ್ಡ ಪತ್ರಿಕೆಗಳಿದ್ದವು ಎಂಬುದು ನಿಜ. ಹೆರಿಗೆಯ ದಿನ ಎಣಿಸುತ್ತಿದ್ದ ಹೆಂಗಸರೂ ಇದ್ದರು ಎಂಬುದು ಅಷ್ಟೇ ನಿಜ. ಮೈಲಿಗಟ್ಟಲೆ ದೂರದಲ್ಲಿ ಒಬ್ಬನೇ ಡಾಕ್ಟರ್ ಇರುವ ಕಡೆ, ಆತ ಹೊರಟುಹೋದರೆ ಎಂಬ ಅಂಜಿಕೆ ಸುಳ್ಳಲ್ಲ. ಸಾರ್ನಿಯಾದ ರೈತರಿಗೆ ಇದ್ದದ್ದೂ ಇದೇ ಅಂಜಿಕೆ. ಅವರಿಗೆ ಅದು ಸಾರ್ವಜನಿಕ ಯೋಜನೆಯ ದಾರಿ ತೋರಿಸಿತು; ನಲವತ್ತೇಳು ವರ್ಷದ ಮೇಲೆ ಅದೇ ಅಂಜಿಕೆ ಯೋಜನೆಯ ವಿರುದ್ಧ ನಿಂತಿತು. ಅಮೆರಿಕದ ವೈದ್ಯರ ಸಂಘವೂ ಇತ್ತ ಕಣ್ಣಿಟ್ಟು ಕೂತಿತ್ತು, ಅಲ್ಲಿ ಆಗ ವೃದ್ಧರ ಆರೋಗ್ಯ ವಿಮೆಯ ಜಗಳ ನಡೆದಿತ್ತು.

ಜುಲೈ 11ಕ್ಕೆ ಹತ್ತಾರು ಸಾವಿರ ಜನ ಸೇರುತ್ತಾರೆಂದು ಸಮಿತಿಯವರು ಸಾರಿದ್ದರು. ಬಂದವರು ನಾಲ್ಕೈದು ಸಾವಿರ. ಮುಷ್ಕರದ ಸೊಂಟ ಮುರಿದದ್ದು ಅಂದು. ಇತ್ತ ಸರ್ಕಾರ ಬ್ರಿಟನ್ನಿನಿಂದ ಡಾಕ್ಟರರನ್ನು ಕರೆಸುತ್ತಿತ್ತು. ಸಾಸ್ಕಟೂನಿನಲ್ಲಿ ಯೋಜನೆಯ ಪರವಾದ ಜನರೇ ಸೇರಿ ಜುಲೈ 3ಕ್ಕೇ ಒಂದು ಸಮುದಾಯ ಕ್ಲಿನಿಕ್ ತೆರೆದಿದ್ದರು. ಕೊನೆಗೆ ಬ್ರಿಟನ್ನಿನ ಲೇಬರ್ ಪಕ್ಷದ ಲಾರ್ಡ್ ಟೇಲರ್, ಸ್ವತಃ ವೈದ್ಯರು, ಮಧ್ಯಸ್ಥಿಕೆಗೆ ಬಂದರು. ಅಲ್ಲಿಗೂ ಇಲ್ಲಿಗೂ ಓಡಾಡಿ, ರೇಗಿ, ರಮಿಸಿ ಜುಲೈ 23ಕ್ಕೆ ಸಾಸ್ಕಟೂನಿನಲ್ಲಿ ಸಹಿ ಹಾಕಿಸಿದರು. ಅದಕ್ಕೆ ಅವರು ಬಯಸಿದ ಸಂಭಾವನೆ, ಒಮ್ಮೆ ಮೀನು ಹಿಡಿಯಲು ಕರೆದೊಯ್ಯಿರಿ ಎಂದಷ್ಟೇ.

ಒಪ್ಪಂದದಲ್ಲಿ ಎಲ್ಲರಿಗೂ ಚಿಕಿತ್ಸೆ, ಹಣ ಸರ್ಕಾರದ್ದು ಎಂಬ ತಿರುಳು ಉಳಿಯಿತು. ಪ್ರತಿಯಾಗಿ, ವೈದ್ಯರು ಖಾಸಗಿಯಾಗಿಯೇ ಉಳಿದು ನೋಡಿದ ರೋಗಿಗೆ ಇಷ್ಟು ಎಂದು ಫೀಸು ಪಡೆಯುವುದು ಖಾಯಂ ಆಯಿತು. ಸಂಬಳದ ವೈದ್ಯರು, ರೋಗ ಬರದಂತೆ ತಡೆಯುವ ಆರೋಗ್ಯ ಕೇಂದ್ರಗಳು ಎಂಬ ಹಳೆಯ ಕನಸು ಮೂಲೆಗೆ ಸರಿಯಿತು. ಇದು ಸಣ್ಣ ನಷ್ಟವಲ್ಲ. ಕೆನಡಾ ಇಂದಿಗೂ ಅದರ ಬೆಲೆ ಕಟ್ಟುತ್ತಿದೆ. ವಸೂಲಾಗದ ಬಿಲ್ಲುಗಳ ಕಾಟ ತಪ್ಪಿ ವೈದ್ಯರ ಆದಾಯ ಏರಿತು ಎಂಬುದು ಬೇರೆ ಮಾತು.

1964ರಲ್ಲಿ ಲಾಯ್ಡ್ ಸೋತರು. ಬಾಗಿಲು ಒದ್ದ ಥ್ಯಾಚರ್ ಪ್ರೀಮಿಯರ್ ಆದರು. ಅಷ್ಟರಲ್ಲಿ ಜನ ಎರಡು ವರ್ಷ ಬಿಲ್ಲಿನ ಭಯವಿಲ್ಲದೆ ಡಾಕ್ಟರ ಬಳಿ ಹೋಗಿ ಬಂದಿದ್ದರು; ಯೋಜನೆಯನ್ನು ರದ್ದು ಮಾಡುವ ಧೈರ್ಯ ಅವರಿಗೆ ಬರಲಿಲ್ಲ. ಅದೇ ವರ್ಷ, ವೈದ್ಯರ ಸಂಘದ ಕೋರಿಕೆಯ ಮೇಲೆಯೇ ನೇಮಕವಾಗಿದ್ದ ನ್ಯಾಯಮೂರ್ತಿ ಎಮೆಟ್ ಹಾಲ್ ಆಯೋಗ, ಇಡೀ ದೇಶಕ್ಕೆ ಇಂಥದೇ ಯೋಜನೆ ಬೇಕೆಂದು ವರದಿ ಕೊಟ್ಟಿತು. 1972ರೊಳಗೆ ಎಲ್ಲ ಪ್ರಾಂತ್ಯಗಳೂ ಸೇರಿಕೊಂಡವು.

ಥ್ಯಾಚರ್ ಸುಮ್ಮನೇನೂ ಕೂರಲಿಲ್ಲ. ಜನ ಸುಮ್ಮಸುಮ್ಮನೆ ಡಾಕ್ಟರ ಬಳಿ ಓಡುತ್ತಾರೆ ಎಂಬ ಹಳೆಯ ಆರೋಪ ಹಿಡಿದು, 1968ರಲ್ಲಿ ಪ್ರತಿ ಭೇಟಿಗೆ ಒಂದೂವರೆ ಡಾಲರ್, ಡಾಕ್ಟರ್ ಮನೆಗೆ ಬಂದರೆ ಎರಡು ಡಾಲರ್ ರೋಗಿಯೇ ಕೊಡಬೇಕೆಂದು ನಿಯಮ ತಂದರು. ಅದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿ ನೋಡಿದರು. ಒಟ್ಟು ಜನರಲ್ಲಿ ಡಾಕ್ಟರ ಸೇವೆಯ ಬಳಕೆ ಶೇ. 6-7ರಷ್ಟು ತಗ್ಗಿತ್ತು, ಬಡವರಲ್ಲಿ ಶೇ. 18ರಷ್ಟು. 1971ರ ಚುನಾವಣೆಯಲ್ಲಿ ಥ್ಯಾಚರ್ ಸೋತರು, ಡಗ್ಲಸ್ ಪಕ್ಷದ ಹೊಸ ಸರ್ಕಾರ ಆ ಒಂದೂವರೆ ಡಾಲರನ್ನು ತೆಗೆದುಹಾಕಿತು.