ಕೊಳೆರೋಗ: ಒಂದು ಪದ, ಎರಡು ವ್ಯಾಧಿ

ಪದಸಾಮ್ಯದಿಂದ ಒದಗುವ ಭ್ರಾಂತಿ ಹಸ್ತಪ್ರತಿಗಳನ್ನು ಓದುವವರಿಗೆ ಹೊಸದಲ್ಲ. ಮಲೆನಾಡಿನ ಹಳೆಯ ತೋಟದ ಲೆಕ್ಕಪತ್ರಗಳಲ್ಲಿ ‘ಕೊಳೆರೋಗ’ ಎಂದು ಕಂಡೊಡನೆ ಅದು ಅಡಕೆಯ ರೋಗವೇ ಎಂದು ನಿರ್ಣಯಿಸುವುದು ಅಂತಹುದೊಂದು ಭ್ರಾಂತಿ. ಕಾಫಿಗೂ ಇದೇ ಹೆಸರಿನ ವ್ಯಾಧಿಯುಂಟು.

ಮೈಸೂರು ಸೀಮೆಯ ಕಾಫಿಯ ರೋಗವನ್ನು ಪರೀಕ್ಷಿಸಿದ ಆಂಗ್ಲ ವಿದ್ವಾಂಸ ಕುಕ್ 1876ರಲ್ಲಿ ಅದರ ಶಿಲೀಂಧ್ರಕ್ಕೆ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟನು. 1958ರಲ್ಲಿ ಡಾಂಕ್ ಎಂಬುವರು ‘ಕೊಳೆರೋಗ’ವನ್ನೇ ಒಂದು ಕುಲದ ಹೆಸರಾಗಿ ಮಾಡಿದರು. ನಮ್ಮ ರೈತರ ಬಾಯಿಮಾತೊಂದು ಲ್ಯಾಟಿನ್ ನಾಮಾವಳಿಯನ್ನು ಸೇರಿದ ಈ ಸಂಗತಿ ನಿಘಂಟುಕಾರರ ಗಮನಕ್ಕೆ ಬರಬೇಕಾದುದು. ಈ ರೋಗದಲ್ಲಿ ಕಪ್ಪಾದ ಎಲೆಗಳು ಶಿಲೀಂಧ್ರದ ನೂಲಿನಿಂದ ರೆಂಬೆಗೆ ಜೋತುಬಿದ್ದಿರುತ್ತವೆ.

ಅಡಕೆಯಲ್ಲಿ ಉದುರುವುದು ಕಾಯಿ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಇದಕ್ಕೆ ಕಾರಣವಾದ ಜೀವಿ ಫೈಟಾಫ್ತೊರಾ ಎಂದು ವಿವರಿಸಿದರು. ಇಂದಿನ ವರ್ಗೀಕರಣದಂತೆ ಇದು ನಿಜವಾದ ಶಿಲೀಂಧ್ರವೂ ಅಲ್ಲ. ಇದರ ಚರಬೀಜಾಣುಗಳು ನೀರಿನಲ್ಲಿ ಈಜಿ ಕಾಯಿಯನ್ನು ಮುಟ್ಟುತ್ತವೆ. ಆದುದರಿಂದಲೇ ಎಡೆಬಿಡದ ಮಳೆಯಲ್ಲಿ ರೋಗದ ಉಪದ್ರವ ಹೆಚ್ಚು. ಗೊನೆಗೆ ಕರಡದ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ಕೃಷಿಕರು ಜೀವಾಣುವನ್ನು ಕಾಣದಿದ್ದರೂ ಅದರ ದಾರಿಯನ್ನು ಕಟ್ಟಿದ್ದರು. ಇದನ್ನು ಕೇವಲ ರೂಢಿಯೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಕೋಲ್ಮನ್ ಬಳಕೆಗೆ ತಂದುದು ಬೋರ್ಡೋ ದ್ರಾವಣ. ಫ್ರಾನ್ಸಿನಲ್ಲಿ 1885ರಲ್ಲಿ ಮಿಲಾರ್ಡೆ ಅದನ್ನು ದ್ರಾಕ್ಷಿಯ ರೋಗಕ್ಕೆ ಪ್ರಕಟಿಸಿದ್ದನು. ಇಂದು ರೂಢಿಯಲ್ಲಿರುವ ಪ್ರಮಾಣ 100 ಲೀಟರು ನೀರಿಗೆ ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ. ಮೈಲುತುತ್ತವಾದರೋ ವೈದ್ಯಗ್ರಂಥಗಳ ವಾಚಕರಿಗೆ ‘ತುತ್ಥ’ವೆಂಬ ಹೆಸರಿನಿಂದ ಚಿರಪರಿಚಿತವೇ ಆಗಿದೆ.

ಹೀಗಾಗಿ ಕಾಲವನ್ನೂ ಬೆಳೆಯನ್ನೂ ನಿರ್ಣಯಿಸುವಾಗ ಎಚ್ಚರ ಅಗತ್ಯ. ಕೊಳೆರೋಗದ ಬಾಬಿನಲ್ಲಿ ಮೈಲುತುತ್ತ ಮತ್ತು ಸುಣ್ಣದ ಖರ್ಚು ಜೊತೆಗೂಡಿ ಬಂದರೆ, ಆ ಅಡಕೆಯ ಲೆಕ್ಕ 1910ಕ್ಕೆ ಹಿಂದಿನದಾಗಿರುವುದು ಸಂಭಾವ್ಯವಲ್ಲ. ಆದರೆ ಇದೇ ದ್ರಾವಣವನ್ನು ಕಾಫಿಗೂ ಸಿಂಪಡಿಸುವುದುಂಟಾದ್ದರಿಂದ ಇಷ್ಟರಿಂದಲೇ ಬೆಳೆ ಯಾವುದೆಂದು ತಿಳಿಯದು. ಕರಡದ ಹುಲ್ಲಿನ ಬೆಲೆಯೋ ಕೊಟ್ಟೆ ಕಟ್ಟಿದ ಕೂಲಿಯೋ ಅದೇ ಪುಟದಲ್ಲಿದ್ದರೆ ಅದು ಅಡಕೆಯ ಲೆಕ್ಕವೆಂದು ಹೇಳಬಹುದು.