ಚರ್ಮದಿಂದ ಮಾಡಿದ ಹೃದಯ (ಭಾಗ 6)

1983ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯ ಪೀಟರ್ ಬಾರ್ತ್ ಒಂದೇ ಮನೆತನದ ಗಂಡುಮಕ್ಕಳಲ್ಲಿ ಕಂಡ ಕಾಯಿಲೆಯನ್ನ ವಿವರಿಸಿದರು. ಹೃದಯದ ಸ್ನಾಯು ಸೋಲುತ್ತೆ, ಮೈಯ ಸ್ನಾಯುವೂ ಸೋಲುತ್ತೆ. ಎಷ್ಟೋ ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಕಾರಣವಾದ ಜೀನ್ 1996ರಲ್ಲಿ ಸಿಕ್ಕಿತು, ಹೆಸರು ಟಫಾಜಿನ್.

ಆದರೆ ಜೀನ್ ಕೆಟ್ಟರೆ ಹೃದಯ ಯಾಕೆ ಸೋಲಬೇಕು? ಅದನ್ನ ನೋಡೋಕೆ ಹೃದಯದ ಜೀವಕೋಶಗಳೇ ಬೇಕು. ಮೊದಲೇ ಸೋತಿರೋ ಮಗುವಿನ ಎದೆಯಿಂದ ಅವನ್ನ ತೆಗೆಯೋದು ಹೇಗೆ?

ದಾರಿ ಸಿಕ್ಕಿದ್ದು ಚರ್ಮದಲ್ಲಿ! 2007ರಲ್ಲಿ ಜಪಾನ್‌ನ ಶಿನ್ಯಾ ಯಮನಕ ಮನುಷ್ಯರ ಚರ್ಮದ ಕೋಶಗಳನ್ನ ಕಾಂಡಕೋಶಗಳಾಗಿ ತಿರುಗಿಸಿ ತೋರಿಸಿದರು. ಕಾಂಡಕೋಶದಿಂದ ಹೃದಯಕೋಶ ಬೆಳೆಸಬಹುದು.

ಅಮೆರಿಕದ ಹಾರ್ವರ್ಡ್‌ನ ಕೆವಿನ್ ಕಿಟ್ ಪಾರ್ಕರ್, ಬಾಸ್ಟನ್ ಮಕ್ಕಳ ಆಸ್ಪತ್ರೆಯ ವಿಲಿಯಂ ಪು ತಂಡಗಳು ಇಬ್ಬರು ರೋಗಿಗಳ ಚರ್ಮದಿಂದ ಹಾಗೇ ಮಾಡಿದವು. ಆ ಹೃದಯಕೋಶಗಳನ್ನ ತೆಳ್ಳನೆಯ ರಬ್ಬರಿನಂಥ ಹಾಳೆಯ ಮೇಲೆ ಸಾಲಾಗಿ ಬೆಳೆಸಿದರು. ಚಿಪ್ ಅಂದರೆ ಇದೇ, ಮೊಬೈಲ್ ಒಳಗಿನದಲ್ಲ 🙂 ಕೋಶಗಳು ಒಟ್ಟಿಗೆ ಮಿಡಿದಾಗ ಹಾಳೆ ಬಾಗುತ್ತೆ. ಎಷ್ಟು ಬಾಗಿತು ಅಂತ ಅಳೆದರೆ ಸ್ನಾಯುವಿನ ಬಲ ಗೊತ್ತಾಗುತ್ತೆ.

ರೋಗಿಗಳ ಕೋಶ ಹಾಕಿದ ಹಾಳೆ ತುಂಬಾ ಕಮ್ಮಿ ಬಾಗಿತು. ಬಾಸ್ಟನ್‌ನ ಗಾಜಿನ ತಟ್ಟೆಯಲ್ಲಿ ಆ ಮಕ್ಕಳ ಕಾಯಿಲೆಯೇ ಕಣ್ಣಿಗೆ ಬಿತ್ತು! ಸರಿಯಾದ ಟಫಾಜಿನ್ ಸೂಚನೆಯನ್ನ ಆರ್‌ಎನ್‌ಎ ಮೂಲಕ ಕೋಶಗಳಿಗೆ ಕೊಟ್ಟಾಗ ಬಲ ಮರಳಿತು. ಮೈಟೊಕಾಂಡ್ರಿಯಾದಿಂದ ಹೊಮ್ಮುವ ಹಾನಿಕರ ಆಮ್ಲಜನಕ ಕಣಗಳನ್ನ ತಗ್ಗಿಸಿದಾಗಲೂ ಅಷ್ಟೇ. ನನಗೆ ಈ ಎರಡನೆಯದೇ ದೊಡ್ಡ ಸುದ್ದಿ. ಯಾಕಂದ್ರೆ ಜೀನ್ ಮುಟ್ಟದೇ ಸ್ನಾಯುವಿಗೆ ನೆರವಾಗೋ ದಾರಿ ಇದೆ ಅಂತ ಅದು ತೋರಿಸಿತು.

2014ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆ ಇದನ್ನ ಪ್ರಕಟಿಸಿತು. ತಟ್ಟೆಯಲ್ಲಿ ಬೆಳೆದ ಕೋಶಗಳು ಇನ್ನೂ ಎಳಸು, ಗರ್ಭದ ಶಿಶುವಿನವುಗಳ ಹಾಗೆ. ಹಾಗಾಗಿ ಅಲ್ಲಿ ಗೆದ್ದದ್ದು ಔಷಧಿ ಆಗಿರಲಿಲ್ಲ.