ತಾಳಿದವನು ಬಾಳಿಯಾನು: ಪೋಕೆಮಾನ್ ಕಣದಲ್ಲಿ ರಕ್ಷಣೆಯ ಇತಿಹಾಸ

(ಸಂಘದ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುತ್ತಾನೆಂದು ಸಭೆ ನಿರೀಕ್ಷಿಸುವುದು ಸಹಜ. ಇಂದು ನಾವು ಆರಿಸಿಕೊಂಡಿರುವುದು ಮಕ್ಕಳ ಆಟವೊಂದರ ಇತಿಹಾಸವನ್ನು. ಅದರಲ್ಲೂ ಆ ಆಟದ ಒಂದು ಮೂಲೆಯನ್ನು ಮಾತ್ರ. ಎದುರಾಳಿಯನ್ನು ಹೊಡೆದುರುಳಿಸುವ ಬಲವಿಲ್ಲದ, ಪೆಟ್ಟುಗಳನ್ನು ತಾಳಿಕೊಂಡೇ ಗೆಲ್ಲುವ ಪ್ರಾಣಿಯ ಕಥೆ ಇದು. ಈ ಕಥೆಯ ಒಂದು ಅಧ್ಯಾಯ ನಾವು ನೆಲೆಸಿರುವ ಈ ದೇಶದಲ್ಲಿಯೇ ನಡೆಯಿತು. ಅದರ ಒಂದು ಪುಟ ನಮ್ಮ ಮನೆಯಲ್ಲಿ.

ಹಿರಿಯರಿಗೆ ಪರಿಚಿತವಾದ ಆಟದಿಂದ ಪ್ರಾರಂಭಿಸೋಣ. ನಮ್ಮ ಊರುಗಳ ದೇವಸ್ಥಾನದ ಜಗಲಿಯ ಕಲ್ಲುಗಳಲ್ಲಿ ತ್ರಿಕೋನಾಕಾರದ ಗೆರೆಗಳನ್ನು ಕೊರೆದಿರುವುದನ್ನು ನೀವು ನೋಡಿರುತ್ತೀರಿ. ಅದು ಆಡು-ಹುಲಿ ಆಟದ ಮನೆ. ಸಾಮಾನ್ಯವಾಗಿ ಹುಲಿಗಳು 3, ಆಡುಗಳು 15. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನಬಲ್ಲದು. ಆಡಿಗೆ ಕೊಲ್ಲುವ ಅಧಿಕಾರವೇ ಇಲ್ಲ. ಆದರೂ ಆಡುಗಳು ಗೆಲ್ಲುತ್ತವೆ. ಒಂದರ ಹಿಂದೆ ಇನ್ನೊಂದು ನಿಂತು, ಹಾರಲು ಜಾಗವಿಲ್ಲದಂತೆ ಮಾಡಿ, ಕೊನೆಗೆ ಹುಲಿಗೆ ಅಡಿ ಇಡಲೂ ಎಡೆಯಿಲ್ಲದಂತೆ ಕಟ್ಟಿಹಾಕುತ್ತವೆ. ಆಟಗಳನ್ನು ಗಂಭೀರವಾಗಿ ಪರಿಗಣಿಸುವುದು ನಮಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು.

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಪೋಕೆಮಾನ್ ಎಂಬ ವಿಡಿಯೋ ಆಟ ಹೊರಬಂತು. ಅದರ ಕರ್ತೃ ಸತೋಶಿ ತಾಜಿರಿ. ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುತ್ತಿದ್ದ ಹವ್ಯಾಸವೇ ಅವರಿಗೆ ಪ್ರೇರಣೆ. ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರದಲ್ಲಿ 151 ಕಾಲ್ಪನಿಕ ಪ್ರಾಣಿಗಳು. ಅವುಗಳನ್ನು ಹಿಡಿದು, ಪಳಗಿಸಿ, ಎರಡು ಯಂತ್ರಗಳ ನಡುವೆ ತಂತಿ ಜೋಡಿಸಿ ಗೆಳೆಯನ ಪ್ರಾಣಿಗಳೊಡನೆ ಕಾದಾಡಿಸಬಹುದು. ಒಬ್ಬೊಬ್ಬನ ಪಡೆಯಲ್ಲಿ ಹೆಚ್ಚೆಂದರೆ 6 ಪ್ರಾಣಿಗಳು. ಇಬ್ಬರೂ ಏಕಕಾಲಕ್ಕೆ ತಮ್ಮ ಆಜ್ಞೆಯನ್ನು ಆರಿಸುತ್ತಾರೆ. ಹೊಡೆಯಬಹುದು, ಗುಣಪಡಿಸಿಕೊಳ್ಳಬಹುದು, ಇಲ್ಲವೇ ಕಣದಲ್ಲಿರುವ ಪ್ರಾಣಿಯನ್ನು ಹಿಂದಕ್ಕೆ ಕರೆದು ಬೇರೊಂದನ್ನು ಇಳಿಸಬಹುದು.

ಮಕ್ಕಳೆಲ್ಲ ಬೆಂಕಿಯುಗುಳುವ ಪ್ರಾಣಿಯನ್ನು ಮೆಚ್ಚಿದರು. ಆದರೆ ಆಟವನ್ನು ಆಳವಾಗಿ ಅಭ್ಯಾಸ ಮಾಡಿದವರು ಬೇಗನೆ ಇನ್ನೊಂದು ಪ್ರಾಣಿಯತ್ತ ತಿರುಗಿದರು. ಅದು ಗುಲಾಬಿ ಬಣ್ಣದ, ಹೊಟ್ಟೆಯ ಚೀಲದಲ್ಲಿ ಮೊಟ್ಟೆಯಿಟ್ಟುಕೊಂಡ ಚಾನ್ಸಿ. ದೂರದರ್ಶನದ ಕಥೆಯಲ್ಲಿ ಇದು ಆಸ್ಪತ್ರೆಯ ದಾದಿಗೆ ಸಹಾಯಕಿ. ಇದರ ಹೊಡೆಯುವ ಬಲದ ಮೂಲ ಅಂಕ ಕೇವಲ 5, ಜೀವಬಲದ ಅಂಕ 250. ತನ್ನ ಮೊಟ್ಟೆಯಿಂದ ಅದು ಒಂದೇ ಸರದಿಯಲ್ಲಿ ಅರ್ಧ ಜೀವಬಲವನ್ನು ಮರಳಿ ಪಡೆಯುತ್ತದೆ. 1999ರ ನವೆಂಬರಿನಲ್ಲಿ ಬಂದ ಎರಡನೆಯ ತಲೆಮಾರಿನ ಆಟದಲ್ಲಿ ಚಾನ್ಸಿ ಬೆಳೆದು ಬ್ಲಿಸ್ಸಿಯಾಯಿತು. ಅದರ ಜೀವಬಲದ ಅಂಕ 255. ನೂರನೆಯ ಮಟ್ಟಕ್ಕೆ ಪೂರ್ಣವಾಗಿ ಬೆಳೆಸಿದರೆ ಈಗಿನ ಲೆಕ್ಕದಲ್ಲಿ ಅದರ ಜೀವಬಲ 714 ಆಗುತ್ತದೆ.

ಇಲ್ಲೊಂದು ಸರಳ ಗಣಿತವಿದೆ. ಒಂದು ಪ್ರಾಣಿ ಎಷ್ಟು ಪೆಟ್ಟು ತಾಳಬಲ್ಲದೆಂಬುದು ಅದರ ಜೀವಬಲ ಮತ್ತು ಕವಚಬಲಗಳ ಗುಣಲಬ್ಧಕ್ಕೆ ಹೆಚ್ಚುಕಡಿಮೆ ಅನುಗುಣ. ಕವಚವೂ ಎರಡು ಬಗೆ: ಮೈಪೆಟ್ಟಿಗೆ ಒಂದು, ಬೆಂಕಿ, ಮಿಂಚುಗಳಂತಹ ದೂರದ ಹೊಡೆತಗಳಿಗೆ ಇನ್ನೊಂದು. ಬ್ಲಿಸ್ಸಿಯ ಎರಡನೆಯ ಕವಚ 135, ಮೊದಲನೆಯದು ಬರೀ 10. ಮಿಂಚಿಗೆ ಅಲುಗದ ಪ್ರಾಣಿ ಗುದ್ದಿಗೆ ಉರುಳುತ್ತದೆ. ಈ ಕೊರತೆಯನ್ನು ತುಂಬಿದ್ದು ಉಕ್ಕಿನ ರೆಕ್ಕೆಯ ಸ್ಕಾರ್ಮರಿ ಎಂಬ ಪಕ್ಷಿ. ಮೈಪೆಟ್ಟಿನೆದುರು ಅದರ ಕವಚ 140. ಮೂರನೆಯ ತಲೆಮಾರಿನ ಆಟ 2002ರಲ್ಲಿ ಬಂದ ಮೇಲೆ ಈ ಜೋಡಿ ಎಷ್ಟು ಪ್ರಸಿದ್ಧವಾಯಿತೆಂದರೆ ಆಟಗಾರರು ಎರಡು ಹೆಸರುಗಳನ್ನೂ ಬೆಸೆದು ಸ್ಕಾರ್ಮ್‌ಬ್ಲಿಸ್ ಎಂದೇ ಕರೆದರು. ಗುದ್ದು ಬಂದರೆ ಪಕ್ಷಿ, ಮಿಂಚು ಬಂದರೆ ದಾದಿ. ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳಂತೆ ಅವು ಒಂದರ ಭಾರವನ್ನು ಇನ್ನೊಂದು ಹೊತ್ತವು.

ತಾಳಿಕೊಂಡ ಮಾತ್ರಕ್ಕೆ ಗೆಲುವು ಬಾರದು ಎಂಬುದನ್ನೂ ಹೇಳಬೇಕು. ಎದುರಾಳಿಯ ಬಲ ಕ್ಷಣಕ್ಷಣಕ್ಕೂ ಸ್ವಲ್ಪಸ್ವಲ್ಪವೇ ಸವೆಯಬೇಕು. ಅದಕ್ಕೆಂದು ಸ್ಕಾರ್ಮರಿ ಎದುರಾಳಿಯ ನೆಲದಲ್ಲಿ ಮುಳ್ಳುಗಳನ್ನು ಹರಡುತ್ತದೆ. ಆಮೇಲೆ ಬಿರುಗಾಳಿ ಬೀಸಿ ಅವರ ಪ್ರಾಣಿಯನ್ನು ಹಿಂದಕ್ಕಟ್ಟುತ್ತದೆ. ಬದಲಿಗೆ ಬಂದದ್ದು ಮುಳ್ಳು ತುಳಿಯುತ್ತದೆ. ಇನ್ನೊಂದು ಉಪಾಯ ವಿಷ. ಮೊದಲ ಸರದಿಯಲ್ಲಿ ಜೀವಬಲದ ಹದಿನಾರನೆಯ ಒಂದು ಭಾಗ ಹೋಗುತ್ತದೆ, ಮರುಸರದಿಯಲ್ಲಿ ಹದಿನಾರನೆಯ ಎರಡು ಭಾಗ, ಹೀಗೆ ಏರುತ್ತ ಹೋಗುತ್ತದೆ. ಇವೆರಡೂ ಇಲ್ಲದ ಪಡೆ ಬರಿದೇ ಕಾಲ ತಳ್ಳುತ್ತದೆ.

ಎಷ್ಟು ಸುತ್ತಿನ ಕೋಟೆಗೂ ಎಲ್ಲೋ ಒಂದು ಕಿಂಡಿ ಇದ್ದೇ ಇರುತ್ತದೆಂದು ಓಬವ್ವನ ಕಥೆ ಕೇಳಿ ಬೆಳೆದ ನಾವು ಬಲ್ಲೆವು. ಈ ಜೋಡಿಗೂ ಕಿಂಡಿಯಿತ್ತು. ಅವುಗಳ ಬಲವಿದ್ದದ್ದು ಬೇಕೆಂದಾಗ ಹಿಂದೆ ಸರಿದು ಸರದಿ ಬದಲಿಸುವುದರಲ್ಲಿ. ಅಯಸ್ಕಾಂತ ಗುಣದ ಮ್ಯಾಗ್ನೆಟಾನ್ ಉಕ್ಕಿನ ಪಕ್ಷಿಯನ್ನು ಕಣದಿಂದ ಕದಲದಂತೆ ಹಿಡಿದಿಟ್ಟಿತು. ನೆಲದೊಳಗಿನ ಡಗ್ಟ್ರಿಯೋ ದಾದಿಯನ್ನು ಹಿಡಿದಿಟ್ಟಿತು. ಒಂದನ್ನು ಇನ್ನೊಂದರಿಂದ ಅಗಲಿಸಿದೊಡನೆ ಕೋಟೆ ಬಿದ್ದಿತು. ಒಂಟಿಯಾಗಿ ತಾಳುವವನು ಬೇಗ ಸೋಲುತ್ತಾನೆಂಬ ಪಾಠ ಅಲ್ಲಿತ್ತು.

ಈಗ ನಮ್ಮ ಮನೆಯ ಪುಟಕ್ಕೆ ಬರೋಣ. ಎಂ.ಬಿ.ಬಿ.ಎಸ್. ಮುಗಿಸಿ, ವಿದೇಶದಲ್ಲಿ ರೆಸಿಡೆನ್ಸಿ ಪೂರೈಸಿ, 1998ರಲ್ಲಿ ನಾವು ಸಂಸಾರಸಮೇತರಾಗಿ ಸೌದಿ ಅರೇಬಿಯಕ್ಕೆ ಬಂದೆವು. ಅಮೆರಿಕದಲ್ಲಿದ್ದ ಸೋದರಮಾವ ನಮ್ಮ ಮಗನಿಗೆ ಗೇಮ್ ಬಾಯ್ ಒಂದನ್ನೂ ಪೋಕೆಮಾನ್ ಕಾರ್ಟ್ರಿಜ್ಜನ್ನೂ ಒಂದು ಕಟ್ಟು ಕಾರ್ಡುಗಳನ್ನೂ ತಂದುಕೊಟ್ಟಿದ್ದರು. 2001ರ ಮಾರ್ಚ್ ತಿಂಗಳಲ್ಲಿ ದೇಶದ ಮಹಾ ಮುಫ್ತಿಗಳು ಪೋಕೆಮಾನ್ ಆಟದಲ್ಲಿಯೂ ಕಾರ್ಡುಗಳಲ್ಲಿಯೂ ಜೂಜಿನ ಅಂಶವಿದೆ, ಅವುಗಳಲ್ಲಿನ ಕೆಲವು ಚಿಹ್ನೆಗಳು ಆಕ್ಷೇಪಾರ್ಹ ಎಂದು ಫತ್ವಾ ನೀಡಿದರು. ಆಟಕ್ಕೆ ನಿಷೇಧ ಬಂತು.

ಪರದೇಶದಲ್ಲಿ ಇಕಾಮಾ ಹಿಡಿದು ಬದುಕುವ ಮನುಷ್ಯನ ಭಯ ನಿಮಗೆ ತಿಳಿದದ್ದೇ. ಅಂದು ರಾತ್ರಿ ನಾವು ಕಾರ್ಟ್ರಿಜ್ಜನ್ನೂ ಕಾರ್ಡುಗಳನ್ನೂ ಚೀಲಕ್ಕೆ ತುಂಬಿ ಬೀದಿಯ ಕೊನೆಯ ಕಸದ ತೊಟ್ಟಿಗೆ ಹಾಕಿ ಬಂದೆವು. ಏಳು ವರ್ಷದ ಮಗ ಅಳಲಿಲ್ಲ. “ಅಪ್ಪಾ, ನನ್ನ ಚಾನ್ಸಿ ಯಾರನ್ನೂ ಹೊಡೆಯೋದೇ ಇಲ್ಲ” ಎಂದಷ್ಟೇ ಹೇಳಿದ. ನಾವು ಉತ್ತರಿಸಲಿಲ್ಲ, ಅವನು ಹೇಳಿದ್ದೇನೆಂದು ನಮಗೆ ಅರ್ಥವೂ ಆಗಿರಲಿಲ್ಲ. ಆ ಬಳಿಕ ತಾನು ಏನು ಆಡುತ್ತಿದ್ದೇನೆಂದು ಆತ ನಮ್ಮೆದುರು ಹೇಳುವುದನ್ನೇ ಬಿಟ್ಟ. ಮಾತು ಅಂಕಪಟ್ಟಿಗೂ ಶಾಲೆಯ ಶುಲ್ಕಕ್ಕೂ ಸೀಮಿತವಾಯಿತು. ನೆಲದ ಕಾನೂನನ್ನು ಪಾಲಿಸಿದ್ದಕ್ಕೆ ನಮಗೆ ವಿಷಾದವಿಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಮಾತು ಕೇಳದೆ ಹೋದೆವಲ್ಲ, ಅದಕ್ಕೆ ಇಂದಿಗೂ ಇದೆ.

ಆಟ ಅತ್ತ ಬೆಳೆಯುತ್ತಲೇ ಹೋಯಿತು. 2010ರಲ್ಲಿ ಬಂದ ಐದನೆಯ ತಲೆಮಾರಿನಲ್ಲಿ ಎವಿಯೊಲೈಟ್ ಎಂಬ ಹರಳು ಸೇರಿತು. ಪೂರ್ಣವಾಗಿ ಬೆಳೆಯದ ಪ್ರಾಣಿಗೆ ಅದನ್ನು ಕೊಟ್ಟರೆ ಎರಡೂ ಕವಚಗಳು ಒಂದೂವರೆ ಪಟ್ಟಾಗುತ್ತವೆ. ಇದರಿಂದ ಚಾನ್ಸಿಯು ತನ್ನ ಬೆಳೆದ ರೂಪವಾದ ಬ್ಲಿಸ್ಸಿಗಿಂತಲೂ ಗಟ್ಟಿಯಾಯಿತು. 2014ರ ಆಗಸ್ಟಿನಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಕೊರಿಯದ ಸೇ ಜುನ್ ಪಾರ್ಕ್ ಎಂಬ ಯುವಕ ಪಚಿರಿಸು ಎಂಬ ಬಿಳಿ ಅಳಿಲನ್ನು ಪಡೆಗೆ ಸೇರಿಸಿಕೊಂಡು ಬಂದ. ಅಲ್ಲಿ ಎರಡೆರಡು ಪ್ರಾಣಿಗಳು ಒಟ್ಟಿಗೆ ಕಣದಲ್ಲಿರುತ್ತವೆ. ಅಳಿಲಿನ ಕೆಲಸ ಎದುರಾಳಿಯ ಪೆಟ್ಟುಗಳನ್ನು ತನ್ನತ್ತ ಸೆಳೆದುಕೊಳ್ಳುವುದು. ಅಷ್ಟರಲ್ಲಿ ಪಕ್ಕದ ಗ್ಯಾರಡೋಸ್ ಬಲ ಕೂಡಿಸಿಕೊಳ್ಳುತ್ತದೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಅಳಿಲು ದೊಡ್ಡ ದೊಡ್ಡ ಹೊಡೆತಗಳನ್ನು ತಾಳಿ ನಿಂತಿತು, ಪಾರ್ಕ್ ವಿಶ್ವವಿಜೇತನಾದ. ಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆ ಕೇಳಿದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದೆಲ್ಲವನ್ನೂ ನಾವು ಕಲಿತದ್ದು 2020ರಲ್ಲಿ. ಮಾರ್ಚ್ ತಿಂಗಳಿಂದ ವಿಮಾನಗಳಿರಲಿಲ್ಲ, ಊರಿಗೂರೇ ಕರ್ಫ್ಯೂ. ಕೊರೊನಾ ವಾರ್ಡಿನ ಪಾಳಿ ಮುಗಿಸಿ, ಮನೆಯವರಿಗೆ ಸೋಂಕು ತಗುಲದಿರಲೆಂದು ನಾವು ಒಂದು ಕೋಣೆಯಲ್ಲಿ ಒಬ್ಬರೇ ಮಲಗುತ್ತಿದ್ದೆವು. ಮಗ ಆಗ ಕೆನಡಾದಲ್ಲಿ ಎಂಜಿನಿಯರ್. ಜೂನ್ ಕೊನೆಯ ಒಂದು ರಾತ್ರಿ ಫೋನಿನಲ್ಲಿ ಕುಶಲ ವಿಚಾರಿಸಿದ ಮೇಲೆ ಇಬ್ಬರಿಗೂ ಮಾತು ತೋಚಲಿಲ್ಲ. ಏನು ಮಾಡುತ್ತಿದ್ದೀಯೆ ಎಂದು ಕೇಳಿದೆವು. ಆ ತಿಂಗಳು ಹೊರಬಂದ ಆಟದ ವಿಸ್ತರಣೆಯಲ್ಲಿ ಬ್ಲಿಸ್ಸಿ ಮರಳಿ ಬಂದಿದೆ, ಅದನ್ನು ಬೆಳೆಸುತ್ತಿದ್ದೇನೆ ಎಂದ. ಹತ್ತೊಂಬತ್ತು ವರ್ಷಗಳ ಬಳಿಕ ನಾವು ಕೇಳಿದೆವು, “ಅದು ಯಾರನ್ನೂ ಹೊಡೆಯದಿದ್ದರೆ ಗೆಲ್ಲುವುದು ಹೇಗಪ್ಪಾ?” ಆತ ಒಂದು ಗಂಟೆ ವಿವರಿಸಿದ.

ಕೇಳುತ್ತ ಕೇಳುತ್ತ ನಮ್ಮ ವಾರ್ಡೇ ಕಣ್ಣೆದುರು ಬಂತು. ಅದೇ ಜೂನ್ 16ರಂದು ಡೆಕ್ಸಾಮೆಥಾಸೋನ್ ಔಷಧಿಯಿಂದ ಆಮ್ಲಜನಕ ಬೇಕಾದ ರೋಗಿಗಳ ಸಾವು ಕಡಿಮೆಯಾಗುತ್ತದೆಂದು ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ್ದರು. ಅದಕ್ಕೆ ಮೊದಲು ಸಾವನ್ನು ತಗ್ಗಿಸುತ್ತದೆಂದು ಸಿದ್ಧವಾದ ಔಷಧಿ ನಮ್ಮ ಕೈಯಲ್ಲಿರಲಿಲ್ಲ. ಆಮ್ಲಜನಕ ಕೊಟ್ಟೆವು, ರೋಗಿಗಳನ್ನು ಬೋರಲು ಮಲಗಿಸಿದೆವು, ನೀರಿನಂಶ ಕಾಯ್ದೆವು. ಶರೀರ ತಾನಾಗಿ ವೈರಸ್ಸನ್ನು ಗೆಲ್ಲುವ ತನಕ ಅದನ್ನು ಬೀಳದಂತೆ ಹಿಡಿದು ನಿಲ್ಲಿಸುವುದೇ ನಮ್ಮ ಚಿಕಿತ್ಸೆಯಾಗಿತ್ತು. ಏನೂ ಮಾಡಲಾಗುತ್ತಿಲ್ಲವೆಂಬ ಕೊರಗು ನಮ್ಮನ್ನು ಮೂರು ತಿಂಗಳಿಂದ ಹಿಂಡುತ್ತಿತ್ತು. “ಅಪ್ಪಾ, ಅದು ಏನೂ ಮಾಡದೆ ಇರೋದಲ್ಲ. ಅದೇ ಆಟ” ಎಂದ ಮಗ. ಅಂದು ರಾತ್ರಿ ನಮಗೆ ನಿದ್ರೆ ಬಂತು.

ನಾಡಿನ ಇತಿಹಾಸವೂ ಈ ನಡುವೆ ತಿರುವು ಪಡೆದಿತ್ತು. 2016ರ ಜನವರಿಯಲ್ಲಿ ಚದುರಂಗದ ವಿರುದ್ಧ ಮಹಾ ಮುಫ್ತಿಗಳಾಡಿದ್ದ ಮಾತು ಜಗತ್ತಿನ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷದ ಜುಲೈಯಲ್ಲಿ, ಪೋಕೆಮಾನ್ ಗೋ ಎಂಬ ಫೋನಿನ ಆಟ ಎಲ್ಲೆಡೆ ಹಬ್ಬಿದಾಗ, 2001ರ ಫತ್ವಾ ಮತ್ತೆ ಪ್ರಕಟವಾಯಿತು. ಆದರೆ 2017ರ ಡಿಸೆಂಬರಿನಲ್ಲಿ ರಿಯಾದಿನಲ್ಲಿಯೇ ವಿಶ್ವ ಕ್ಷಿಪ್ರ ಚದುರಂಗ ಪಂದ್ಯಾವಳಿ ನಡೆಯಿತು. 2022ರ ಮೇ ತಿಂಗಳಲ್ಲಿ ಸೌದಿಯ ಸಾರ್ವಜನಿಕ ಹೂಡಿಕೆ ನಿಧಿಯು ನಿಂಟೆಂಡೋ ಸಂಸ್ಥೆಯ ಶೇಕಡ 5.01ರಷ್ಟು ಷೇರು ಹೊಂದಿರುವುದು ಬಹಿರಂಗವಾಯಿತು. 2024ರ ಬೇಸಿಗೆಯಲ್ಲಿ ರಿಯಾದ್ ಮೊದಲ ಇ-ಸ್ಪೋರ್ಟ್ಸ್ ವಿಶ್ವಕಪ್ಪಿಗೆ ಆತಿಥ್ಯ ವಹಿಸಿತು. 2025ರಲ್ಲಿ, ಆ ನಿಧಿಗೆ ಸೇರಿದ ಸ್ಯಾವಿ ಸಮೂಹದ ಸ್ಕೋಪ್ಲಿ ಕಂಪನಿ ಪೋಕೆಮಾನ್ ಗೋ ನಡೆಸುವ ಉದ್ಯಮವನ್ನು 350 ಕೋಟಿ ಡಾಲರಿಗೆ ಕೊಂಡುಕೊಂಡಿತು. ನಾವು ಕಸದ ತೊಟ್ಟಿಗೆ ಹಾಕಿದ ಹೆಸರಿಗೆ ಇಪ್ಪತ್ತನಾಲ್ಕು ವರ್ಷಗಳ ಬಳಿಕ ದೇಶವೇ ಬೆಲೆ ಕಟ್ಟಿತು. ಇದರಲ್ಲಿ ಯಾರನ್ನೂ ಹಳಿಯುವ ಉದ್ದೇಶ ನಮಗಿಲ್ಲ. ಕಾಲ ಬದಲಾಗುತ್ತದೆ, ಅಷ್ಟರ ತನಕ ಉಳಿದದ್ದು ಬಾಳುತ್ತದೆ.

ರಕ್ಷಣೆಯ ಪ್ರಾಣಿಗೂ ಕಾಲ ಕಠಿಣವಾಯಿತು. 2022ರ ಒಂಬತ್ತನೆಯ ತಲೆಮಾರಿನಲ್ಲಿ ಗುಣಪಡಿಸಿಕೊಳ್ಳುವ ಮುಖ್ಯ ವಿದ್ಯೆಗಳನ್ನು ಬಳಸಬಹುದಾದ ಮೂಲ ಸಂಖ್ಯೆಯನ್ನು 10ರಿಂದ 5ಕ್ಕೆ ಇಳಿಸಿದರು. ಮೊಟ್ಟೆಯನ್ನು ಇನ್ನು ಎಣಿಸಿ ಬಳಸಬೇಕು. ಯಾವ ಪೆಟ್ಟಿಗೆ ಗುಣವಾಗಬೇಕು, ಯಾವುದನ್ನು ಹಾಗೆಯೇ ನುಂಗಿಕೊಳ್ಳಬೇಕು ಎಂಬ ವಿವೇಕ ಈಗ ಮೊದಲಿಗಿಂತ ಹೆಚ್ಚು ಬೇಕು. ಐವತ್ತು ದಾಟಿದ ನಮ್ಮಂಥವರಿಗೆ ಈ ನಿಯಮ ಅಪರಿಚಿತವೇನಲ್ಲ.

ಬಂಧುಗಳೇ, ಈ ಸಭೆಯಲ್ಲಿ ಎಳೆಯ ಮಕ್ಕಳಿರುವ ದಂಪತಿಗಳು ಅನೇಕರಿದ್ದೀರಿ. ಹೊತ್ತು ಮಿತಿ ಹಾಕಬೇಡಿ ಎಂದು ವೈದ್ಯರಾದ ನಾವು ಹೇಳಲಾರೆವು. ಕಣ್ಣಿಗೂ ನಿದ್ರೆಗೂ ಮಿತಿ ಬೇಕು. ಕೇಳಿಕೊಳ್ಳುವುದು ಇಷ್ಟೇ. ಆಟವನ್ನು ಕಸಿಯಬೇಕಾಗಿ ಬಂದ ದಿನವೂ, ಕಸಿಯುವ ಮೊದಲು ಕೇಳಿ: ನಿನ್ನ ಪ್ರಾಣಿ ಯಾವುದು, ಅದು ಏನು ಮಾಡುತ್ತದೆ, ಅದನ್ನೇ ಏಕೆ ಆರಿಸಿಕೊಂಡೆ? ಉತ್ತರ ಪೂರ್ತಿ ಮುಗಿಯುವ ತನಕ ಕುಳಿತಿರಿ. ನಮಗೆ ಆ ಉತ್ತರ ಸಿಗಲು ಹತ್ತೊಂಬತ್ತು ವರ್ಷ ಬೇಕಾಯಿತು. ನಿಮಗೆ ಒಂದು ಸಂಜೆ ಸಾಕು.